ಕಿಟಕಿಯಿಂದ ಕಂಡ ಪೂಜೆ

ತೆಲಂಗಾಣದ ತಾಂಡೂರಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮನೆಯ ಒಡತಿ ಶರಣಮ್ಮ ನಿಂತಿದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಪೂಜಾ ಆತೇನವ್ವಾ?" ಎಂದರು. ನಮ್ಮ ತುಮಕೂರಿನ ಕಡೆ ಆ ಹೊತ್ತಿಗೆ ಯಾರಾದರೂ "ತಿಂಡಿ ಆಯ್ತಾ?" ಅನ್ನುತ್ತಾರೆ. ತಬ್ಬಿಬ್ಬಾಗಿ "ಆಯ್ತು" ಎಂದೆ. ಈ ಊರಿನಲ್ಲಿ ನಾನಾಡಿದ ಮೊದಲ ಮಾತೇ ಸುಳ್ಳು.

ನನ್ನ ಇಷ್ಟಲಿಂಗ ಕೊರಳಲ್ಲಿರಲಿಲ್ಲ. ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗಿತ್ತು. ಮಗಳು ಗೌರಿಗೆ ಐದು ವರ್ಷವಿದ್ದಾಗ ಮುಖವೆಲ್ಲ ಊದಿಕೊಳ್ಳುವ ಕಿಡ್ನಿ ಕಾಯಿಲೆ ಬಂತು. ಸೋಮವಾರ ಉಪವಾಸ ಮಾಡಿದೆ, ಹರಕೆ ಹೊತ್ತೆ. ವಾಸಿಯಾಯಿತು ಅಂದುಕೊಂಡಾಗಲೆಲ್ಲ ಮರಳಿ ಬಂತು. ಮೂರನೆಯ ಸಲ ಮರುಕಳಿಸಿದ ದಿನ ಲಿಂಗ ತೆಗೆದಿಟ್ಟೆ. ದೇವರ ಮೇಲೆ ಸಿಟ್ಟಿತ್ತು, ಅವನು ಇಲ್ಲವೇ ಇಲ್ಲವೇನೋ ಎಂಬ ಭಯವೂ ಇತ್ತು. ಗಂಡನಿಗೆ ಇಲ್ಲಿನ ಬೇಳೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಾಗ, ಹೈದರಾಬಾದಿನ ದೊಡ್ಡ ಆಸ್ಪತ್ರೆ ಹತ್ತಿರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೊರಟು ಬಂದೆ.

ಇಲ್ಲಿ ನೆಲ, ಗೋಡೆ, ಕಾಂಪೌಂಡು ಎಲ್ಲವೂ ಚಪ್ಪಡಿ ಕಲ್ಲು. ಬೋರ್ಡು ತೆಲುಗಿನಲ್ಲಿ, ಕಿರಾಣಿ ಅಂಗಡಿಯ ಮಾತು ಉರ್ದುವಿನಲ್ಲಿ, ಅಂಗಳದ ಜಗಳ ಕನ್ನಡದಲ್ಲಿ. ಆ ಕನ್ನಡವೂ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. ಅಜ್ಜಿಗೆ 'ಆಯಿ' ಅನ್ನಬೇಕೆಂದು ಗೌರಿಯೇ ನನಗೆ ಕಲಿಸಿದಳು. ಮುದ್ದೆ ನುಂಗಿ ಬೆಳೆದ ನಾನು ಬಡಿದ ಜೋಳದ ರೊಟ್ಟಿಯ ಬಗ್ಗೆ ಶರಣಮ್ಮ ಆಯಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆಸ್ಪತ್ರೆಯವರು ಒಂದು ಕೆಲಸ ಒಪ್ಪಿಸಿದ್ದರು. ದಿನಾ ಬೆಳಿಗ್ಗೆ ಮಗಳ ಮೂತ್ರವನ್ನು ಗಾಜಿನ ಟ್ಯೂಬಿನಲ್ಲಿ ಕಾಯಿಸಿ ನೋಡಬೇಕು. ಬೆಳ್ಳಗೆ ಕದಡಿದರೆ ಕಾಯಿಲೆ ಇದೆ. ಮೂರು ದಿನ ಸತತ ತಿಳಿಯಾಗಿ ಉಳಿದರೆ ಹತೋಟಿಗೆ ಬಂದಂತೆ. ಕಿಟಕಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತು, ಸಣ್ಣ ಸ್ಪಿರಿಟ್ ದೀಪ ಹಚ್ಚಿ, ಟ್ಯೂಬನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಲಿಂಗಪೂಜೆಗೆ ಕೂತವರೂ ಹೀಗೇ, ಎಡ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕೂಡುತ್ತಾರೆ. ಅಂಗಳದಿಂದ ನೋಡಿದ ಆಯಿಗೆ ಕಂಡದ್ದು ಅದೇ. ಮರುದಿನದಿಂದ ನನ್ನ ಕಿಟಕಿಗೆ ಬಿಲ್ವಪತ್ರೆ ಬರತೊಡಗಿತು. "ತುಮಕೂರ ಹುಡುಗಿ ಹ್ಯಾಂಗ ಕೂಡ್ತಾಳ ನೋಡ್ರಿ, ಜರಾ ಅಳ್ಳಾಡಂಗಿಲ್ಲ" ಎಂದು ಓಣಿಯಲ್ಲೆಲ್ಲ ನನ್ನ ಭಕ್ತಿಯ ವರ್ಣನೆ. ಪತ್ರೆ ಬಿಸಾಡಲು ಮನಸ್ಸಾಗದೆ ಒಂದು ಡಬ್ಬಿಗೆ ತುಂಬುತ್ತಾ ಹೋದೆ. ಟ್ಯೂಬು ಮಾತ್ರ ಬೆಳ್ಳಗಾಗುತ್ತಲೇ ಇತ್ತು.

ಔಷಧಿ ಬದಲಾಯಿಸಿದ ಮೇಲೆ ಒಂದು ದಿನ ತಿಳಿಯಾಗಿ ಉಳಿಯಿತು. ಮರುದಿನವೂ ಉಳಿಯಿತು. ಮೂರನೆಯ ದಿನ ಕೈ ನಡುಗಿ ಟ್ಯೂಬು ಹಿಡಿಯಲಾಗಲಿಲ್ಲ. ಅಷ್ಟರಲ್ಲಿ ವಿಭೂತಿ ಗಟ್ಟಿ ಕೊಡಲು ಆಯಿ ಒಳಗೇ ಬಂದರು.

"ಏನವ್ವಾ ಇದು?"

ಹೇಳಿದೆ. ಲಿಂಗ ಟ್ರಂಕಿನಲ್ಲಿರುವುದನ್ನೂ ಹೇಳಿಬಿಟ್ಟೆ. ಮನೆ ಖಾಲಿ ಮಾಡು ಅನ್ನುತ್ತಾರೆ ಅಂದುಕೊಂಡೆ. ಆಯಿ ಹಣೆ ಬಡಿದುಕೊಂಡರು.

"ಶಿವ ಶಿವಾ. ನಾ ಇಷ್ಟ್ ದಿನ ಉಚ್ಚಿಗಿ ಪತ್ರಿ ಏರಿಸಿದೆನೇನು?"

ಅಂದವರೇ ನಗತೊಡಗಿದರು. ನಗು ನಿಂತ ಮೇಲೆ ಪಕ್ಕದಲ್ಲೇ ಕೂತು ಟ್ಯೂಬು ಕಸಿದುಕೊಂಡರು. "ನಿನ್ನ ಕೈ ನಡಗಾಕತ್ಯಾವ. ನಾ ಹಿಡೀತೀನಿ, ನೀ ನೋಡು."

ಕಾಯಿತು, ಕುದಿಯಿತು, ತಿಳಿಯಾಗಿಯೇ ಉಳಿಯಿತು. ಆಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಎರಡು ವರ್ಷದ ಭಾರ ಇಳಿದು, ಆ ಕಲ್ಲುನೆಲದ ಮೇಲೆಯೇ ಮಲಗಿಬಿಡಬೇಕೆನಿಸಿತು. ಟ್ರಂಕು ತೆಗೆ ಎಂದು ಆಯಿ ಹೇಳಲಿಲ್ಲ. ಏಳುವಾಗ ಇಷ್ಟೇ ಅಂದರು: "ಪತ್ರಿ ನಾಳಿನೂ ತರ್ತೀನಿ. ಏರಿಸ್ಬೇಕಂದ್ರ ಏರಿಸು, ಇಲ್ಲಂದ್ರ ಡಬ್ಬ್ಯಾಗ ಹಾಕು."

ಆ ವಾರ ನಾನೇ ಟ್ರಂಕು ತೆಗೆದೆ. ಗುಣವಾದದ್ದು ಔಷಧಿಯಿಂದಲೋ ದೇವರಿಂದಲೋ ಗೊತ್ತಿಲ್ಲ. ಡಾಕ್ಟರಿಗೆ ಕೈ ಮುಗಿದು ಬಂದಿದ್ದೆ. ಆದರೂ ಇನ್ನೂ ಯಾರಿಗೋ ಕೈ ಮುಗಿಯುವುದು ಉಳಿದಿದೆ ಅನ್ನಿಸುತ್ತಿತ್ತು.

ಈಗ ಬೆಳಿಗ್ಗೆ ಅದೇ ಮಣೆಯ ಮೇಲೆ ಮೊದಲು ಟ್ಯೂಬು, ಕೈ ತೊಳೆದು ಆಮೇಲೆ ಲಿಂಗ. ಮೊದಲು ಲಿಂಗ ಹಿಡಿಯುವಷ್ಟು ನಂಬಿಕೆ ನನಗಿನ್ನೂ ಬಂದಿಲ್ಲ. ಟ್ಯೂಬು ಮತ್ತೆ ಬೆಳ್ಳಗಾದ ದಿನ ಏನು ಮಾಡುತ್ತೇನೋ ಹೇಳಲಾರೆ. ಊರಿಗೆ ಯಾವಾಗ ವಾಪಸ್ ಬರ್ತೀಯ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಫೋನನ್ನು ಗೌರಿಯ ಕೈಗೆ ಕೊಡುತ್ತೇನೆ. ಆಯಿಯ ಪ್ರಶ್ನೆಗೆ ಮಾತ್ರ ಈಗ ಸುಳ್ಳು ಹೇಳಬೇಕಾಗಿಲ್ಲ. ಕಿಟಕಿಯಲ್ಲಿ ಪತ್ರೆ ಇಡುತ್ತಾ ಕೇಳುತ್ತಾರೆ, "ಪೂಜಾ ಆತೇನವ್ವಾ?"

"ಎರಡೂ ಆತ್ರಿ, ಆಯಿ."