ಅತ್ತಿ ಆಡದ ಮಾತು

ಅಕ್ಕನ ನೌಕರಿ ಇನ್ನೇನು ಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು. ಅವಳ ಅತ್ತೆ ಎಂದೂ ಆಡದ ಮಾತೊಂದನ್ನು ಅವರದೇ ದನಿಯಲ್ಲಿ ಆಡಿ, ಮನೆಮಂದಿಯನ್ನೆಲ್ಲ ನಗಿಸಿ, ‘ಖರೇನ ಹಂಗ ಅಂದ್ರೇನೋ?’ ಎಂದು ಅವ್ವ ಕೇಳಿದಾಗ ‘ಮತ್ತೇನ್, ನಾ ಯಾಕ ಸುಳ್ಳ ಹೇಳ್ಲಿ?’ ಎಂದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಚಲೋ. ಕೊನೆಗೆ ಗೊತ್ತಾದರೆ ನೀವೂ ಬೈಯುತ್ತೀರಿ. ಮನೆಯಲ್ಲಿ ಬೈಸಿಕೊಂಡದ್ದೇ ನನಗೆ ಸಾಕಾಗಿದೆ.

ಮಂದಿಯ ದನಿ ತೆಗೆಯುವುದು ನನಗೆ ಸಣ್ಣವನಿದ್ದಾಗಿನಿಂದ ಹತ್ತಿದ ಚಟ. ರೋಣದ ಮಾರ್ಕೆಟ್ಟಿನಲ್ಲಿ ಕಡಲೆ ಹರಾಜಿನ ಸವಾಲು ಕೂಗುವವರು, ಸಾಲಿ ಮಾಸ್ತರು, ದವಾಖಾನೆಯಲ್ಲಿ ಚೀಟಿ ಕೊಡುವಾಕೆ, ಯಾರನ್ನೂ ಬಿಟ್ಟವನಲ್ಲ. ಗಜೇಂದ್ರಗಡದ ಕಡೆ ಮದುವೆಗಳಿಗೆ ನನ್ನನ್ನು ಕರೆದು ಮೈಕ್ ಕೈಗೆ ಕೊಡುತ್ತಾರೆ, ಊಟ ತಡವಾದಾಗ. ಊಟ ತಯಾರಾಯಿತು ಅಂದಕೂಡಲೇ ನನ್ನನ್ನು ಬಿಟ್ಟು ಎದ್ದು ಹೋಗುತ್ತಾರೆ. ನನ್ನ ಕಲೆಯ ಬೆಲೆ ಅನ್ನ ಬೇಯುವ ತನಕ.

ಅಕ್ಕ ಬಸ್ ಕಂಡಕ್ಟರ್. ಗಜೇಂದ್ರಗಡದಿಂದ ರೋಣ, ರೋಣದಿಂದ ನರಗುಂದ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಮೈಯೆಲ್ಲ ಸೇರಿ ಒಂದು ಹಿಡಿ ಇಲ್ಲ. ಆದರೆ ‘ಮುಂದ ಸರೀರಿ’ ಎಂದರೆ ತುಂಬಿದ ಬಸ್ಸು ಜಾಗ ಮಾಡಿಕೊಳ್ಳುತ್ತದೆ. ಚೊಚ್ಚಲ ಬಾಣಂತನಕ್ಕೆ ರೋಣದ ನಮ್ಮ ಮನೆಗೆ ಬಂದಿದ್ದಳು. ಭಾವನಿಗೂ ರೋಣದಲ್ಲೇ ಅಂಗಡಿ ಕೆಲಸ. ಅತ್ತೆ ಮಾತ್ರ ಕೊಣ್ಣೂರಿನಲ್ಲಿ, ಹೊಳೆದಂಡೆಯ ಹೊಲ ನೋಡಿಕೊಂಡು ಇದ್ದರು. ರಜೆ ಮುಗಿದಮೇಲೆ ಮತ್ತೆ ಡ್ಯೂಟಿಗೆ ಹೋಗಬೇಕು ಅನ್ನುವುದು ಅಕ್ಕನ ಆಸೆ.

ಬಾಣಂತಿಯ ಕೋಣೆಯೆಂದರೆ ನನ್ನಂಥವನಿಗೆ ಸುಗ್ಗಿ. ಅಕ್ಕನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ ಕೂಡಿಸಿದ್ದರು. ಅವಳಿಗೆ ಕೇಳಿಸದು ಎಂದು ಬಂದವರೆಲ್ಲ ಕೂಗಿ ಕೂಗಿ ಬುದ್ಧಿ ಹೇಳುತ್ತಿದ್ದರು. ‘ತಾಯಿ ಆದಾಕಿಗೆ ನಿದ್ದಿ ಅನ್ನೂದ ಬರಬಾರದವಾ’ ಎಂದ ಬಾಜೂ ಮನೆಯ ಕಾಕು ಅಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆದರು. ಭಾವ ಕೂಸನ್ನೆತ್ತಿಕೊಂಡು ಬಾಗಿಲ ತನಕ ಹೋಗಿ ಬಂದರೆ ‘ಅಪ್ಪ ಅಂದ್ರ ಹಿಂಗಿರಬೇಕು ನೋಡ್ರಿ!’ ಅಕ್ಕ ಮಧ್ಯಾಹ್ನ ಚೂರು ಕಣ್ಣು ಮುಚ್ಚಿದರೆ ‘ಕೂಸು ಎಚ್ಚರೈತಿ, ತಾಯಿ ಮಲಗ್ಯಾಳ!’ ಬಂದವರು ಹೋದಮೇಲೆ ಇವರೆಲ್ಲರ ದನಿ ತೆಗೆದು ತೋರಿಸುವುದು ನನ್ನ ಕೆಲಸ. ಅಕ್ಕ ಕಿವಿಯ ಹತ್ತಿ ತೆಗೆದಿಟ್ಟು ನಗುತ್ತಿದ್ದಳು.

ಕೂಸಿನದೂ ಒಂದು ತಮಾಷೆ. ಅವ್ವ ಜೋಗುಳ ಹಾಡಿದರೆ ಇನ್ನಷ್ಟು ಅಳುತ್ತಿತ್ತು. ಅಕ್ಕ ‘ಮುಂದ ಸರೀರಿ, ನರಗುಂದ, ನರಗುಂದ’ ಎಂದರೆ ಸುಮ್ಮನಾಗುತ್ತಿತ್ತು. ಹೊಟ್ಟೆಯಲ್ಲಿದ್ದಾಗ ದಿನಾ ಕೇಳಿದ್ದು ಅದನ್ನೇ ಅಲ್ಲವೇ? ಅಕ್ಕನ ದನಿ ತೆಗೆದು ನಾನು ಕೂಗಿದರೂ ಸುಮ್ಮನಾಗುತ್ತಿತ್ತು. ‘ತಾಯಿ ದನಿಗೇ ಕೂಸು ಒಲೀತೈತಿ’ ಎಂದು ಎಲ್ಲರಿಗೂ ಹೇಳುತ್ತಿದ್ದ ಅವ್ವನಿಗೆ ಇದು ಮಾತ್ರ ಸೇರುತ್ತಿರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಕೊಣ್ಣೂರಿನಿಂದ ಅತ್ತೆ ಬಂದಿದ್ದರು. ಅವ್ವ, ಅಕ್ಕ ಒಳಗೆ ಹೆಂಗಸರ ನಡುವೆ. ಪಡಸಾಲೆಯಲ್ಲಿ ಅತ್ತೆಗೆ ಚಹಾ ಕೊಟ್ಟವನು ನಾನು. ಕಡಿಮೆ ಮಾತಿನ ಹೆಣ್ಣುಮಗಳು. ಮಾತಿಗೆ ಮುಂಚೆ ಒಮ್ಮೆ ಲೊಚ್ಚನೆ ನಾಲಿಗೆ ಹೊಡೆದು, ಸೆರಗು ಸರಿಮಾಡಿಕೊಂಡು, ‘ನೋಡಪಾ ತಮ್ಮಾ’ ಎಂದು ನಿಲ್ಲಿಸುತ್ತಾರೆ. ಏನೋ ದೊಡ್ಡ ಮಾತು ಬರುತ್ತದೆ ಎಂದು ನಾವು ಉಸಿರು ಹಿಡಿಯಬೇಕು. ಆಮೇಲೆ ಬರುವುದು, ‘ಚಾ ಭಾಳ ಸಿಹಿ ಆಗೇತಿ.’

ಅವರು ಬಸ್ಸು ಹತ್ತಿದಮೇಲೆ ಮನೆಯವರೆಲ್ಲ ಅಂಟಿನುಂಡಿ ತಿನ್ನುತ್ತ ಕೂತಿದ್ದಾಗ ನಾನು ಎದ್ದು ನಿಂತೆ. ನಾಲಿಗೆ ಲೊಚ್ಚೆಂದಿತು, ಹೆಗಲ ಮೇಲಿನ ಟವೆಲ್ಲು ಸೆರಗಾಯಿತು. ಚಹಾದ ಮಾತಿಗೆ ಯಾರು ನಗುತ್ತಾರೆ? ಮುಂದಿನದನ್ನು ಕೈಯಿಂದ ಸೇರಿಸಿದೆ: ‘ನೋಡಪಾ ತಮ್ಮಾ, ಕೂಸು ಬಿಟ್ಟು ಸೀಟಿ ಊದಾಕ ಹೋಗಾಕಿ, ಎಂಥಾ ತಾಯಿ?’

ಎಲ್ಲರೂ ಬಿದ್ದುಬಿದ್ದು ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಅವ್ವ ನಗು ನಿಲ್ಲಿಸಿ ಆ ಪ್ರಶ್ನೆ ಕೇಳಿದಳು. ನಾನು ಆ ಉತ್ತರ ಕೊಟ್ಟೆ. ಯಾವಾಗಲೂ ಮಂದಿ ಆಡಿದ್ದನ್ನೇ ಆಡಿ ತೋರಿಸುವವನು ಎಂದು ನನ್ನ ಮೇಲೆ ಅವರಿಗೆ ನಂಬಿಕೆ. ನನಗೂ ತಪ್ಪೆನಿಸಲಿಲ್ಲ. ಅತ್ತೆಯಂದಿರು ಇದನ್ನೇ ಅಲ್ಲವೇ ಅನ್ನುವುದು? ಇವತ್ತು ಅನ್ನದಿದ್ದರೆ ನಾಳೆ ಅಂದಾರು, ನಾನು ಒಂದು ದಿನ ಮುಂಚೆ ಅಂದೆ, ಅಷ್ಟೇ.

ಮಾತು ನಿಂತಲ್ಲಿ ನಿಲ್ಲಲಿಲ್ಲ. ಅವ್ವ ಅದನ್ನು ಕಾಕುಗೆ ಹೇಳಿದಳು, ‘ನಮ್ಮ ಬೀಗತಿ ಹಿಂಗಂದ್ರು’ ಎಂದು. ಭಾವನ ಕಿವಿಗೂ ಬಿತ್ತು. ಅವರು ತಾಯಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಹೆಂಡತಿ ಪರ ನಿಂತ ಮಗ ಎನ್ನಿಸಿಕೊಳ್ಳಬಾರದೆಂದು ಫೋನ್ ಮಾಡಲಿಲ್ಲ. ಅಕ್ಕ ತನ್ನ ಸೀಟಿಗೆ ದಾರ ಕಟ್ಟಿ ತೊಟ್ಟಿಲ ಮೇಲೆ ತೂಗುಬಿಟ್ಟಳು. ‘ಇನ್ನ ಇದು ಇವನ ಆಟಿಗಿ ಸಾಮಾನು’ ಎಂದಳು. ಆಗ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವ್ವ ‘ಅವರ ದನಿ ಇನ್ನೊಮ್ಮಿ ತಗಿಯೋ’ ಎಂದಳು. ತೆಗೆದೆ. ಹೊಗಳಿಕೆಗೆ ನಾನು ಅಷ್ಟು ಅಗ್ಗ.

ರಜೆ ಮುಗಿಯುತ್ತ ಬಂದಾಗ ಅತ್ತೆ ಮತ್ತೆ ಬಂದರು. ಬಗಲಲ್ಲಿ ಕೂಸಿಗೆಂದು ತಾವೇ ಹೊಲಿದ ಕೌದಿ. ಹಳೇ ಸೀರೆಗಳ ತುಂಡುಗಳು. ನಟ್ಟನಡುವೆ ಒಂದು ಖಾಕಿ ಚೌಕ. ಅಕ್ಕ ಕೊಣ್ಣೂರಿನಲ್ಲಿ ಬಿಟ್ಟುಬಂದಿದ್ದ ಹಳೇ ಯೂನಿಫಾರ್ಮಿನದು. ಅವ್ವ ಅದನ್ನು ನೋಡಿ ಕಣ್ಣಿಗೆ ಸೆರಗು ಹಚ್ಚಿದಳು. ಕತ್ತರಿ ಹಾಕಿದಮೇಲೆ ಇನ್ನೇನು ಉಳಿಯಿತು?

‘ಆತು ಬಿಡ್ರಿ ಬೀಗರ’ ಎಂದಳು. ‘ನೀವು ಅಂದಂಗ ಆಗಲಿ. ನೌಕರಿ ಬಿಡ್ತಾಳ ಅಕಿ.’

ಅತ್ತೆ ಲೊಚ್ಚೆನ್ನಲೂ ಮರೆತರು. ‘ನಾ ಏನಂದೆ?’

‘ಅದ ರೀ, ಕೂಸು ಬಿಟ್ಟು ಹೋಗಾಕಿ ಎಂಥಾ ತಾಯಿ ಅಂತ…’

‘ನಾನು? ಯಾರ ಮುಂದ?’

ಮನೆಯ ಕಣ್ಣೆಲ್ಲ ನನ್ನ ಮೇಲೆ, ಬಾಗಿಲಲ್ಲಿದ್ದ ಭಾವನ ಕಣ್ಣೂ. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಯಾವ ಮದುವೆಯಲ್ಲೂ ಇಲ್ಲ. ಚಪ್ಪಲಿ ಎಲ್ಲಿವೆ ಎಂದು ನೋಡುತ್ತಿದ್ದೆ. ಅತ್ತೆ ‘ಬಾರೋ ಇಲ್ಲೆ, ಮಾಡಿ ತೋರಿಸು’ ಎಂದರು. ಅವರೆದುರಿಗೇ ಅವರಾಗಿ ನಿಂತೆ. ಲೊಚ್ಚೆಂದೆ, ಟವೆಲ್ಲು ಸರಿಮಾಡಿಕೊಂಡೆ, ಆ ಮಾತನ್ನೂ ಆಡಿದೆ. ಯಾರೂ ನಗಲಿಲ್ಲ. ಅತ್ತೆ ಮಾತ್ರ ತಲೆ ತೂಗಿದರು.

‘ದನಿ ನಂದ ಐತಿ. ಮಾತು ಯಾರದು?’

‘ನಂದ್ರೀ ಅತ್ತಿ’ ಎಂದೆ. ‘ಅತ್ತಿಯಂದಿರು ಹಂಗ ಅಂತಾರ ಅಂತ…’

ಅಕ್ಕ ಕೈಯಲ್ಲಿದ್ದ ಕೂಸಿನ ಕುಲಾಯಿ ಟೋಪಿಯನ್ನು ನನ್ನ ಮುಖಕ್ಕೆ ಎಸೆದಳು. ಬೀಸಿದ ರಭಸ ನೋಡಿದರೆ ಅದು ಅಂಟಿನುಂಡಿಯ ಡಬ್ಬಿ ಆಗದಿದ್ದದ್ದು ನನ್ನ ಪುಣ್ಯ. ‘ಮತ್ತ ಈ ಖಾಕಿ ಅರಿವಿ?’ ಎಂದು ಅವ್ವ ಕೌದಿಯ ನಡುಭಾಗ ಮುಟ್ಟಿ ಕೇಳಿದಳು.

‘ಮೊಳಕೈ ಹರಿದಿತ್ರಿ. ಹೊಸಾದು ಹೊಲಿಸಿಕೊಳ್ಳಲಿ ಅಂತ ಕತ್ತರಿಸಿದೆ’ ಎಂದರು ಅತ್ತೆ. ‘ನಮ್ಮ ಓಣಿಯಾಗ ಮತ್ತ ಯಾರ ಮನಿ ಕೌದಿಯಾಗ ಖಾಕಿ ಐತಿ?’

ಅವ್ವನಿಗೆ ಇನ್ನೂ ಸಮಾಧಾನವಿಲ್ಲ. ಅತ್ತೆ ಆಡದ ಆ ಮಾತು ಈಗ ಅವಳದೇ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ‘ಆದ್ರೂ ಬೀಗರ, ಇಷ್ಟ ಸಣ್ಣ ಕೂಸು ಬಿಟ್ಟು ಹೋದ್ರ ಮಂದಿ ಎಂಥಾ ತಾಯಿ ಅನ್ನೂದಿಲ್ಲೇನ್ರಿ?’

ಅತ್ತೆ ಕೂಸನ್ನು ಕೌದಿಯ ಮೇಲೆ ಮಲಗಿಸಿದರು. ‘ಈ ಕೂಸಿನ ಅಪ್ಪನ್ನ ಬದುವಿನ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿ ನಾ ದಿನಪೂರ್ತಿ ಹತ್ತಿ ಬಿಡಿಸೀನ್ರಿ. ಅವಾಗ ಎಂಥಾ ತಾಯಿ ಅಂತ ಒಬ್ಬರೂ ಕೇಳಲಿಲ್ಲ. ಎಷ್ಟು ಹತ್ತಿ ಬಿಡಿಸಿದಿ ಅಂತ ಕೇಳಿದ್ರು.’

ಜೋಳಿಗೆಯಲ್ಲಿ ಬೆಳೆದ ಭಾವ ನೆಲ ನೋಡಿದರು. ಅಕ್ಕ ಎದ್ದು ತೊಟ್ಟಿಲ ಮೇಲಿನ ಸೀಟಿ ಬಿಚ್ಚಿಕೊಂಡಳು. ಆಟಿಕೆ ಹೋಯಿತೆಂದು ಕೂಸು ಕಿರುಚಿತು. ‘ನೋಡ್ರಿ, ಈಗಿಂದ ಅಳಾಕ ಸುರು ಮಾಡ್ತು’ ಎಂದಳು ಅವ್ವ. ‘ಡ್ಯೂಟಿಗೆ ಹೋದಮ್ಯಾಲೆ ಹ್ಯಾಂಗ?’

ಅತ್ತೆ ಲೊಚ್ಚೆಂದರು. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

‘ನೋಡಪಾ ತಮ್ಮಾ. ಕೂಸು ನೋಡಾಕ ನಾ ಬಂದು ಇರ್ತೀನಿ. ಅದು ಅತ್ತರ ಸುಮ್ನ ಮಾಡಾಕ ನೀ ಅಕಿ ದನಿ ತಗಿ. ನನ್ನ ದನಿ ಮಾತ್ರ ನನಗ ಬಿಡು, ಅದರಾಗ ನಾನ ಆಡೂ ಮಾತು ಇನ್ನೂ ಭಾಳ ಅದಾವು.’