ಅರ್ಧಕ್ಕೆ ನಿಲ್ಲಿಸಿದ ಧಾರಾವಾಹಿಗಳು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಜೇಬಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಮಶಿನ್ನಿಗೆ ಬೀಳುವ ಮೊದಲು ಅದರ ಒಂದೊಂದು ಜೇಬಿಗೂ ಕೈ ಹಾಕಿ ನೋಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ತಲೆಯ ಮೇಲೆ ಅದೇ ಟ್ಯೂಬ್‌ಲೈಟು. ಪೆನ್ನು, ಬಸ್ ಟಿಕೆಟ್ಟು, ಕರಗಿದ ಚಾಕಲೇಟು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಸಿಕ್ಕಿದ್ದನ್ನೆಲ್ಲ ಕಂದು ಲಕೋಟೆಗೆ ಹಾಕಿ, ಮೇಲೆ ಗಿರಾಕಿಯ ನಂಬರು ಬರೆದು ಕೌಂಟರಿಗೆ ಕಳಿಸುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಗುಂಡುಸೂಜಿಯೂ ಒಳಗೆ ಹೋದದ್ದಿಲ್ಲ.

ಅಂಥವಳು ಆ ಗುರುವಾರ ಕೆಂಪು ಶಾಯಿಯ ಪೆನ್ನೊಂದನ್ನು ಬಿಟ್ಟುಬಿಟ್ಟಳು. ನಲವತ್ತು ಬಿಳಿ ಅಂಗಿಗಳು ಗುಲಾಬಿ ಬಣ್ಣಕ್ಕೆ ತಿರುಗಿ ಹೊರಬಂದವು. ಹೋಟೆಲೊಂದರ ಬಡಿಸುವವರ ಅಂಗಿಗಳು. ಮಶಿನ್ನಿನ ಬಾಗಿಲು ತೆಗೆದವನು ಕೂಗಿಕೊಂಡ. ಎಲ್ಲರೂ ಓಡಿಬಂದರು. ಜೇಬಮ್ಮ ಮಾತ್ರ ತನ್ನ ಮೇಜಿನ ಹತ್ತಿರವೇ ನಿಂತು, ಗುಲಾಬಿ ಚೆನ್ನಾಗಿಯೇ ಬಂದಿದೆಯಲ್ಲ ಎಂದುಕೊಂಡಳು. ಅಷ್ಟು ಬಿಟ್ಟರೆ ಅವಳಿಗೆ ಏನೂ ಅನ್ನಿಸಲಿಲ್ಲ.

ಮೇಲ್ವಿಚಾರಕಿ ಬಾಯಿ ಜೋರಿನ ಹೆಂಗಸು. ಆದರೆ ಅವತ್ತು ಬೈಯಲಿಲ್ಲ, ಪಕ್ಕಕ್ಕೆ ಕರೆದಳು.

"ಏನಾಗಿದೆ ಜೇಬಮ್ಮ ನಿಂಗೆ?"

"ಗೊತ್ತಿಲ್ಲ ಮೇಡಂ."

"ಅಳು ಬಂದ್ರೆ ಅತ್ತುಬಿಡು. ಒಳಗೇ ಇಟ್ಕೋಬೇಡ."

"ಒಳಗೂ ಇಲ್ಲ ಮೇಡಂ. ಹುಡುಕಿ ನೋಡ್ದೆ."

ಮೇಲ್ವಿಚಾರಕಿ ಅವಳ ಚೀಲ ತಂದು ಕೈಗೆ ಕೊಟ್ಟಳು. ಸೋಮವಾರದವರೆಗೆ ಬರಬೇಡ, ಮನೆಯಲ್ಲಿ ಮಲಗಿಕೊ ಎಂದು ಕಳಿಸಿಕೊಟ್ಟಳು.

ಜೇಬಮ್ಮನ ಗಂಡ ಹೋಗಿ ನಾಲ್ಕು ತಿಂಗಳಾಗಿತ್ತು. ಎದೆ ಹಿಡಿದುಕೊಂಡಿದೆ ಎಂದು ತಾನೇ ನಡೆದು ಆಸ್ಪತ್ರೆಗೆ ಹೋದ ಮನುಷ್ಯ, ಮೂರನೆಯ ದಿನ ಇಲ್ಲವಾದ. ಅವಳು ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಬಂದವರು ಅವಳ ಮುಖವನ್ನೇ ನೋಡಿದರು, ಬೆನ್ನು ಸವರಿದರು, ತಾವೇ ಒಂದಿಷ್ಟು ಅತ್ತು ಹೋದರು. ಅವಳಿಗೆ ಒಳಗೆಲ್ಲ ಮರಗಟ್ಟಿದ ಹಾಗಿತ್ತು. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ. ಇದು ಇಳಿಯುತ್ತದೆಯೋ ಇಲ್ಲವೋ ಎಂಬುದೊಂದೇ ಅವಳಿಗಿದ್ದ ಭಯ. ಆ ಭಯವೂ ದೂರದಲ್ಲೆಲ್ಲೋ ಇತ್ತು.

ಗಂಡ ಬಣ್ಣ ಬಳಿಯುವವನು. ಊರಿನವರ ಮನೆಗಳೆಲ್ಲ ಫಳಫಳ, ತನ್ನ ಮನೆ ಮಾತ್ರ ಅರೆಬರೆ. ಅಡುಗೆಮನೆಯ ಎರಡು ಗೋಡೆ ನೀಲಿ, ಎರಡು ಹಸಿರು. ಗೇಟಿನ ಎಡಬಾಗಿಲಿಗೆ ಬಣ್ಣ ಕಂಡೇ ಗೊತ್ತಿರಲಿಲ್ಲ. ಬೀದಿಯವರು ಇಟ್ಟ ಅಡ್ಡಹೆಸರು ಅರ್ಧಂಬರ್ಧ. ಎದುರಿಗೇ ಕರೆದರೂ ನಗುತ್ತ 'ಓ' ಎನ್ನುತ್ತಿದ್ದ, ಅಂಥ ಆಸಾಮಿ. ಏಣಿ ಹತ್ತಿ ಹತ್ತಿ ಮಂಡಿ ಸವೆದ ಮೇಲೆ ಬೆಳಗ್ಗೆ ಮಾತ್ರ ಕೆಲಸ, ಮಧ್ಯಾಹ್ನ ಮನೆ.

ಸಂಜೆ ಏಳೂವರೆಗೆ ಗಂಡಹೆಂಡತಿ ಟೀವಿಯ ಮುಂದೆ ಕೂರುತ್ತಿದ್ದರು. ದಿನಕ್ಕೊಂದೇ ಕಂತು. ಯಾವ ಧಾರಾವಾಹಿ ಎಂದು ತೀರ್ಮಾನಿಸುವುದು ಅವನ ಖಾತೆ. ಒಂದು ಮುಗಿಯುತ್ತಿದ್ದಂತೆ, "ಮುಂದಿಂದು ನಾನು ಮೊದಲು ರುಚಿ ನೋಡ್ತೀನಿ ಕಣೇ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದ. ಮಧ್ಯಾಹ್ನ ಒಬ್ಬನೇ ಕೂತು ನೋಡಿ, ಸಂಜೆ ತೀರ್ಪು ಕೊಡುತ್ತಿದ್ದ. ಬೇಡ ಎಂದರೆ ಬೇಡ. ಕಾರಣ ಕೇಳಿದರೆ ನಗು ಬರುವಂಥ ಕಾರಣ. ಒಂದರ ಹೀರೋನ ಮೂಗು ಸರಿಯಿಲ್ಲ. ಇನ್ನೊಂದರಲ್ಲಿ ವಕೀಲರು ಮಾತಾಡಿದ್ದನ್ನೇ ಮಾತಾಡುತ್ತಾರೆ. ಮತ್ತೊಂದು ಬರೀ ಹಲ್ಲುಕಿರಿಯೋ ಕಥೆ.

ಆ ಮೂಗು ಸರಿಯಿಲ್ಲದ್ದು ಕಡಲತೀರದ ಒಂದು ದೀಪಸ್ತಂಭದ ಕಥೆ. ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. ಜೇಬಮ್ಮ ಬುತ್ತಿ ಹಿಡಿದು ಬಂದರೆ ಮಾತ್ರ ಗಪ್‌ಚಿಪ್. ಇನ್ನೂ ನೋಡಿಲ್ಲವಲ್ಲ, ಕಥೆ ಒಡೆಯಬಾರದೆಂದು ಸುಮ್ಮನಾಗುತ್ತಾರೆ ಎಂದು ಅವಳು ತಿಳಿದಿದ್ದಳು. ಆ ವಾರವೆಲ್ಲ ಗಂಡನ ಮೇಲೆ ಉರಿದುಬಿದ್ದಳು.

"ನಿಮಗೆ ಯಾವುದನ್ನೂ ಪೂರ್ತಿ ಮಾಡೋ ಯೋಗ್ಯತೆ ಇಲ್ಲ ರೀ. ಟೀವಿ ನೋಡೋದ್ರಲ್ಲೂ ಅರ್ಧಂಬರ್ಧ!"

"ಹೌದು ಕಣೇ," ಎಂದು ಅವನು ತಲೆ ತುರಿಸಿಕೊಂಡಿದ್ದ.

ಒಪ್ಪಿಗೆಯಾದ ಕಥೆಗಳಲ್ಲಿ ಕೊಲೆಗಾರ ಯಾರೆಂದು ಇಬ್ಬರೂ ಪಂದ್ಯ ಕಟ್ಟುತ್ತಿದ್ದರು. ಎಂಟು ವರ್ಷದಲ್ಲಿ ಅವನು ಒಂದು ಸಲವೂ ಗೆದ್ದಿರಲಿಲ್ಲ. ಅಡುಗೆಯವನೇ ಇರಬೇಕು ಎಂದು ಹಟ ಹಿಡಿದು, ಕೊನೆಗೆ ಡಾಕ್ಟರು ಸಿಕ್ಕಿಬಿದ್ದಾಗ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ. ಗೆದ್ದ ಖುಷಿಗೆ ಮರುದಿನದ ಚಹಾ ಅವನ ಕೈಯಲ್ಲೇ ಮಾಡಿಸಿಕೊಳ್ಳುತ್ತಿದ್ದಳು. ಗಂಡನಿಗೆ ತಲೆ ಕಡಿಮೆ ಎಂಬುದು ಅವಳಿಗೆ ಒಂದು ಬಗೆಯ ನೆಮ್ಮದಿಯ ವಿಷಯವಾಗಿತ್ತು.

ಈಗ ನಾಲ್ಕು ತಿಂಗಳಿಂದ ಏಳೂವರೆಗೆ ಅವಳೊಬ್ಬಳೇ. ಟೀವಿ ಹಾಕಿದರೆ ಗಂಡನ ಹೆಸರಿನ ಪ್ರೊಫೈಲೇ ತೆರೆದುಕೊಳ್ಳುತ್ತಿತ್ತು. ಮೂಲೆಯಲ್ಲಿ ಅವನು ಆರಿಸಿಕೊಂಡಿದ್ದ ಟೊಪ್ಪಿ ಹಾಕಿದ ಕರಡಿಯ ಮುಖ. ರಿಮೋಟಿನ ಗುಂಡಿ ಒತ್ತುತ್ತ ಚಿತ್ರಗಳನ್ನು ಮೇಲೆ ಕೆಳಗೆ ಓಡಿಸುವಳು. ಒಂದನ್ನೂ ಆರಿಸುವುದಿಲ್ಲ. ಎಂಟೂವರೆಗೆ ಟೀವಿ ಆರಿಸಿ ಎದ್ದುಬಿಡುವಳು. ಬೇಜಾರೆಂದಲ್ಲ. ಯಾವುದನ್ನು ನೋಡಿದರೂ ಒಂದೇ, ಬಿಟ್ಟರೂ ಒಂದೇ ಅನ್ನಿಸುತ್ತಿತ್ತು.

ಬುಧವಾರ ತಂಗಿಯ ಮಗಳು ಫೋನು ಮಾಡಿದ್ದಳು. ಟೀವಿಯ ಖಾತೆ ಅವಳದೇ, ಎರಡು ಮನೆಗೂ ಸೇರಿ ಐದು ಜನರಿಗೆ ಮಾತ್ರ ಜಾಗ.

"ದೊಡ್ಡಮ್ಮ, ನಮ್ಮತ್ತೆ ಬಂದಿದ್ದಾರೆ. ಅವರಿಗೊಂದು ಜಾಗ ಬೇಕಿತ್ತು. ದೊಡ್ಡಪ್ಪಂದು ಭಾನುವಾರ ತೆಗೆದುಬಿಡ್ಲಾ? ಬೇಜಾರಿಲ್ಲ ತಾನೆ?"

"ತೆಗಿಯಮ್ಮ. ನಂಗೇನು ಬೇಜಾರು."

ನಿಜಕ್ಕೂ ಬೇಜಾರಿರಲಿಲ್ಲ. ಗಂಡನ ಚಪ್ಪಲಿಯನ್ನೇ ಕಣ್ಣು ಮಿಟುಕಿಸದೆ ಎತ್ತಿ ಕೊಟ್ಟವಳಿಗೆ ಈ ಕರಡಿ ಯಾವ ಲೆಕ್ಕ?

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದಾಗ ಮಾಡಲು ಕೆಲಸವಿರಲಿಲ್ಲ. ಆ ಹೊತ್ತಿನಲ್ಲಿ ಈ ಮನೆ ಹೇಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯ ಬಿಸಿಲು ನೇರ ಅವನ ಕುರ್ಚಿಯ ಮೇಲೆ ಬಿದ್ದಿತ್ತು. ಅವಳು ಟೀವಿ ಹಾಕಿದಳು. ಅರ್ಧ ನೋಡಿ ಬಿಟ್ಟ ಕಥೆಗಳದೇ ಒಂದು ಸಾಲಿತ್ತು. ಎಲ್ಲಿಯವರೆಗೆ ನೋಡಿದೆ ಎಂದು ತೋರಿಸುವ ಕೆಂಪು ಗೆರೆ ಒಂದೊಂದು ಚಿತ್ರದ ಕೆಳಗೂ ಅರ್ಧಕ್ಕೋ ಕಾಲುಭಾಗಕ್ಕೋ ನಿಂತಿತ್ತು. ಹೇಗೂ ಭಾನುವಾರ ಅಳಿಸಿಹೋಗುವುದು, ಅವನು ಬಿಟ್ಟ ಕೆಲಸ ಯಾವತ್ತಿದ್ದರೂ ತಾನೇ ಅಲ್ಲವೆ ಮುಗಿಸಬೇಕಾದದ್ದು ಎಂದು ದೀಪಸ್ತಂಭದ ಕಥೆಯನ್ನು ಅವನು ಬಿಟ್ಟಲ್ಲಿಂದಲೇ ಶುರು ಮಾಡಿದಳು.

ಐದನೆಯ ಕಂತು. ಸಮುದ್ರದಂಡೆಯ ಬಂಡೆ. ಗಂಡಸರು ಏನನ್ನೋ ನೀರಿನಿಂದ ಎತ್ತುತ್ತಿದ್ದಾರೆ. ಹಳದಿ ರೇನ್‌ಕೋಟು, ಪುಟ್ಟ ತೋಳು. ಜೇಬಮ್ಮ ನೋಡಿದಳು. ರೇನ್‌ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿದ್ದಾರೆ ಎಂದುಕೊಂಡಳು.

ಇದು ಬೇಡವೆಂದು ವಕೀಲರ ಕಥೆಗೆ ಹೋದಳು. ಮೂರನೆಯ ಕಂತು, ಆಸ್ಪತ್ರೆಯ ಮೊಗಸಾಲೆ. ಡಾಕ್ಟರು ಬಾಗಿಲು ತೆರೆದು ಬಂದು ತಲೆಯಾಡಿಸಿದರು. ಬೆಂಚಿನ ಮೇಲೆ ಕೂತ ತಾಯಿಯ ಕೈಯಲ್ಲಿ ಬಟ್ಟೆಯ ಬೊಂಬೆ.

ಅವಳು ಅದನ್ನೂ ಬಿಟ್ಟಳು. ಹಲ್ಲುಕಿರಿಯುವ ಕಥೆಯಲ್ಲಾದರೂ ನಗು ಸಿಗಲಿ ಎಂದು ಅದನ್ನು ಹಾಕಿದಳು. ಅಣ್ಣತಮ್ಮಂದಿರು ವಸತಿಗೃಹ ನಡೆಸುವ ತಮಾಷೆ ಕಥೆ. ಅವನು ನಿಲ್ಲಿಸಿದ್ದ ಜಾಗದಲ್ಲಿ ಅಣ್ಣ ಪೆಟ್ಟಿಗೆಯೊಂದನ್ನು ತೆರೆದು, ಒಂದು ಪುಟ್ಟ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಯಾರೂ ನಗುತ್ತಿರಲಿಲ್ಲ.

ಜೇಬಮ್ಮ ಟೀವಿಯನ್ನು ಅಲ್ಲಿಯೇ ನಿಲ್ಲಿಸಿದಳು.

ಅವರಿಗೆ ಒಬ್ಬಳು ಮಗಳಿದ್ದಳು. ಪುಟ್ಟಿ. ಆರು ವರ್ಷಕ್ಕೆ, ಒಂದು ವಾರದ ಕೆಮ್ಮು, ಮೂರು ದಿನದ ಜ್ವರದಲ್ಲಿ ಹೋದಳು. ಇಪ್ಪತ್ತೆರಡು ವರ್ಷವಾಯಿತು. ಆ ಹೆಸರನ್ನು ಇಬ್ಬರೂ ಮತ್ತೆ ಬಾಯಿಗೆ ತಂದಿರಲಿಲ್ಲ. ಹಾಗೆಂದು ಮಾತಾಡಿಕೊಂಡದ್ದೂ ಇಲ್ಲ, ತಾನಾಗಿ ಹಾಗಾಗಿತ್ತು. ಎಂಟು ವರ್ಷದ ಹಿಂದೆ ಒಂದು ಸಂಜೆ ನೋಡುತ್ತಿದ್ದ ಧಾರಾವಾಹಿಯಲ್ಲಿ ಮಗುವೊಂದು ಸತ್ತಿತು. ಅವಳು ಎದ್ದುಹೋಗಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಯತೊಡಗಿದಳು. ಅವನು ಅಡುಗೆಮನೆಯ ಬಾಗಿಲಿಗೆ ಬಂದು ನೋಡಿ, ಹೋಗಿ ಟೀವಿ ಆರಿಸಿದ. ರುಚಿ ನೋಡುವ ಪದ್ಧತಿ ಶುರುವಾದದ್ದು ಅದಾದ ಮೇಲೆ.

ಆ ಎಂಟು ವರ್ಷವೂ ಊರವರ ಜೇಬೆಲ್ಲ ತಡಕಿದ ಹೆಂಗಸು, ಮನೆಯ ಗಂಡಸಿನ ಮಧ್ಯಾಹ್ನಗಳಿಗೆ ಒಮ್ಮೆಯೂ ಕೈ ಹಾಕಿ ನೋಡಿರಲಿಲ್ಲ.

ಅವಳು ತಂಗಿಯ ಮಗಳಿಗೆ ಫೋನು ಮಾಡಿದಳು.

"ದೊಡ್ಡಪ್ಪ ಏನೇನು ನೋಡಿದ್ರು ಅಂತ ಅದ್ರಲ್ಲಿ ತಿಳಿಯುತ್ತಾ ಅಮ್ಮ?"

"ತಿಳಿಯುತ್ತೆ ದೊಡ್ಡಮ್ಮ, ತಾರೀಖು ಸಮೇತ. ಒಂದ್ನಿಮಿಷ." ಅವಳು ಪಟ್ಟಿ ತೆರೆದು ಓದತೊಡಗಿದಳು. "ಇದೇನಿದು? ನೀವಿಬ್ರೂ ನೋಡಿದ್ದನ್ನೆಲ್ಲ ದೊಡ್ಡಪ್ಪ ಎರಡೆರಡು ಸಲ ನೋಡಿದ್ದಾರೆ. ಮೊದಲು ಮೂರ್ನಾಲ್ಕು ದಿನದಲ್ಲಿ ಪೂರ್ತಿ ಮುಗಿಸಿದ್ದಾರೆ. ಆಮೇಲೆ ಮತ್ತೆ ಮೊದಲಿಂದ, ದಿನಕ್ಕೊಂದು. ಪಾಪ, ಮರೆವು ಶುರುವಾಗಿತ್ತಾ?"

"ಇಲ್ಲಮ್ಮ," ಎಂದಳು ಜೇಬಮ್ಮ. "ಮರೆವಿರ್ಲಿಲ್ಲ."

ಕೊಲೆಗಾರ ಡಾಕ್ಟರೆಂದು ಅವನಿಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು. ಗೊತ್ತಿದ್ದೇ ಅಡುಗೆಯವನ ಹೆಸರು ಹೇಳಿ, ಸೋತು, ಚಹಾ ಮಾಡಿಕೊಟ್ಟಿದ್ದ.

"ಭಾನುವಾರ ಅದನ್ನ ತೆಗೀಬೇಡಮ್ಮ. ಇನ್ನೊಂದಿಷ್ಟು ದಿನ ಇರ್ಲಿ."

"ಅಯ್ಯೋ, ಇರ್ಲಿ ಬಿಡಿ ದೊಡ್ಡಮ್ಮ. ಅತ್ತೆ ನನ್ನದರಲ್ಲೇ ನೋಡ್ತಾರೆ."

ಆ ಸಾಲಿನಲ್ಲಿ ಕಟ್ಟಕಡೆಯ ಚಿತ್ರವೊಂದು ಉಳಿದಿತ್ತು. ಹಳೆಯ ಬೇಕರಿಯೊಂದರ ಕಥೆ, ಹತ್ತು ಕಂತು. ಇದನ್ನು ಅವನು ಬೇಡವೆಂದೂ ಹೇಳಿರಲಿಲ್ಲ, ಬೇಕೆಂದೂ ಹೇಳಿರಲಿಲ್ಲ. ಕೆಂಪು ಗೆರೆ ಎಂಟನೆಯ ಕಂತಿನ ಇಪ್ಪತ್ಮೂರನೆಯ ನಿಮಿಷದಲ್ಲಿ ನಿಂತಿತ್ತು. ಅವಳು ಹೆದರುತ್ತಲೇ ಒತ್ತಿದಳು. ಮುದುಕಿಯೊಬ್ಬಳು ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡುತ್ತಿದ್ದಳು, ಅಷ್ಟೆ. ಅಲ್ಲಿಗೇ ನಿಲ್ಲಿಸಿದಳು. ಕೆಟ್ಟದ್ದೇನೂ ಇರಲಿಲ್ಲ. ಕಥೆಗೆ ಬೇಸತ್ತು ಬಿಟ್ಟ ಜಾಗವಲ್ಲ ಅದು. ಅಲ್ಲಿಗೆ ಬಂದಾಗ ಅವನ ಎದೆ ಹಿಡಿದುಕೊಂಡಿರಬೇಕು.

ಲಾಂಡ್ರಿಯ ಕಂದು ಲಕೋಟೆಯೊಂದು ಅವಳ ಚೀಲದಲ್ಲಿತ್ತು. ಅದರ ಮೇಲೆ 'ಎಂಟು, ಇಪ್ಪತ್ಮೂರು' ಎಂದು ಬರೆದು ಟೀವಿಯ ಬದಿಗಿಟ್ಟಳು. ಮುಂದೆ ಯಾವುದನ್ನು ನೋಡುವುದೆಂಬುದು ತೀರ್ಮಾನವಾಗಿತ್ತು.

ಅಂದು ಏಳೂವರೆಗೆ ಮೊದಲ ಕಂತಿನಿಂದ ಶುರು ಮಾಡಿದಳು. ದಿನಕ್ಕೊಂದೇ. ಬೇಕರಿಯ ಮುದುಕಿ, ಜಗಳಗಂಟಿ ಸೊಸೆ, ಎಲ್ಲರ ಕಾಲಿಗೆ ತೊಡರುವ ಮೊಮ್ಮಗಳು. ಒಳಗೆ ಮರಗಟ್ಟಿದ್ದು ಹಾಗೆಯೇ ಇತ್ತು. ಆದರೂ ನೋಡಿದಳು. ಅವನು ಮುಂದೆ ಹೋಗಿ ನೋಡಿ ಬಂದ ದಾರಿ, ಇಲ್ಲಿ ಏನೂ ಆಗುವುದಿಲ್ಲ ಎಂಬ ಧೈರ್ಯವಿತ್ತು. ಸೋಮವಾರ ಕೆಲಸಕ್ಕೆ ಹೋಗಿ ಜೇಬುಗಳನ್ನು ಎರಡೆರಡು ಸಲ ತಡಕಿದಳು.

ಆರನೆಯ ಕಂತಿನಲ್ಲಿ ಮೊಮ್ಮಗಳು ಒಮ್ಮೆ ಕೆಮ್ಮಿದಳು. ಏಳನೆಯದರಲ್ಲಿ ರಾತ್ರಿಯಿಡೀ ಕೆಮ್ಮಿದಳು. ಜೇಬಮ್ಮನಿಗೆ ಅಡುಗೆಮನೆಯ ಪಾತ್ರೆಗಳ ನೆನಪಾಯಿತು. ಆದರೆ ಏಳಲಿಲ್ಲ. ಇದೇ ಕೆಮ್ಮನ್ನು ಅವನೂ ಆ ಕುರ್ಚಿಯಲ್ಲಿ ಒಬ್ಬನೇ ಕೂತು ಕೇಳಿದ್ದ. ಮುಂದೇನೆಂದು ತಿಳಿಯುವ ಮೊದಲೇ ಎದ್ದು ಆಸ್ಪತ್ರೆಗೆ ನಡೆದಿದ್ದ.

ಎಂಟನೆಯ ದಿನ ಇಪ್ಪತ್ಮೂರನೆಯ ನಿಮಿಷ ಬಂತು. ಮುದುಕಿ ಒದ್ದೆ ಬಟ್ಟೆ ಎತ್ತಿದಳು. ಒಳಗಿನ ಕೋಣೆಯಿಂದ ಮಗು ಕೆಮ್ಮುವ ಸದ್ದು. ಜೇಬಮ್ಮ ಗುಂಡಿ ಒತ್ತಿ ನಿಲ್ಲಿಸಿದಳು. ಎದ್ದುಹೋಗಿ ಚಹಾ ಮಾಡಿದಳು. ಲೋಟ ಹಿಡಿದು ಬಂದು, ತನ್ನ ಜಾಗ ಬಿಟ್ಟು ಅವನ ಕುರ್ಚಿಯಲ್ಲಿ ಕೂತಳು. ಕೂರುವಾಗ ಚಹಾ ತುಳುಕಿ ಕೈಮೇಲೆ ಬಿತ್ತು. ಅದು ಸುಟ್ಟದ್ದು ತಿಳಿಯಿತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಏನೋ ಒಂದು ತಿಳಿಯಿತು.

"ಪುಟ್ಟೀಗೂ ಹೀಗೇ ರೀ ಶುರುವಾಗಿದ್ದು," ಎಂದಳು, ತಾನು ಯಾವಾಗಲೂ ಕೂರುತ್ತಿದ್ದ ಖಾಲಿ ಜಾಗದ ಕಡೆ ತಿರುಗಿ. ಆ ಹೆಸರು ಗಂಟಲಿನಿಂದ ಈಚೆ ಬಂದು ಮನೆಯಲ್ಲಿ ಕೇಳಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಕಣ್ಣು ತುಂಬಿ ಬಂದು, ಟೀವಿಯ ಪರದೆ ಕಲಸಿಹೋಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ನೀವು ಅಲ್ಲೇ ಇರಿ. ಇಲ್ಲಿಂದ ಮುಂದೆ ನಾನು ನೋಡಿ ಹೇಳ್ತೀನಿ."

ಹಾಗೆಂದು ಗುಂಡಿ ಒತ್ತಿದಳು.