ಅಳತೆಯ ಮೇಲೆ ಒಂದು ಬೆರಳು

2023ರಲ್ಲಿ ನಾನು ನ್ಯೂಜೆರ್ಸಿಯ ಒಂದು ಆಮದು ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಜಪಾನಿನ ಸಣ್ಣ ಸಣ್ಣ ಬ್ರೂವರಿಗಳಿಂದ ಬಿಯರ್ ತರಿಸಿ ನ್ಯೂಯಾರ್ಕ್, ನ್ಯೂಜೆರ್ಸಿಯ ಅಂಗಡಿಗಳಿಗೆ ಹಂಚುವುದು ಕಂಪನಿಯ ವ್ಯವಹಾರ. ಬಂದ ಸರಕು ಕೆಟ್ಟಿದೆಯೋ ಸರಿಯಿದೆಯೋ ನೋಡುವುದು ನನ್ನ ಕೆಲಸ. ಗೋದಾಮು ಹ್ಯಾರಿಸನ್ನಿನಲ್ಲಿ, ನಮ್ಮ ಮನೆ ಕೆಂಡಲ್ ಪಾರ್ಕಿನಲ್ಲಿ. ರೂಟ್ 1 ಹೆದ್ದಾರಿಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಓಡಾಡುತ್ತಿದ್ದ ನನಗೆ ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವಳಲ್ಲ. ಓದಿದ್ದು ಮೈಕ್ರೊಬಯಾಲಜಿ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದು ಯೀಸ್ಟಿನ ಜೊತೆ. ರುಚಿ ನೋಡಲೇಬೇಕಾದಾಗ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆ ಮೇಲೆ ಆಡಿಸಿ, ಉಗುಳಿಬಿಡುತ್ತೇನೆ. ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ನಿಂತಾಗ ಯಾರಾದರೂ ಪರಿಚಯ ಮಾಡಿಕೊಂಡು, "ಏನ್ ಕೆಲ್ಸ ಮಾಡ್ತೀರಿ?" ಎಂದರೆ "ಫರ್ಮೆಂಟೇಶನ್" ಎನ್ನುತ್ತಿದ್ದೆ. "ಓ, ಇಡ್ಲಿ ಹಿಟ್ಟಿನ ಥರಾನಾ?" ಎಂದು ಅವರೇ ಮುಂದುವರಿಸುತ್ತಿದ್ದರು. "ಹೂಂ, ಹೆಚ್ಚುಕಡಿಮೆ ಅದೇ" ಎಂದು ನಾನು ಚಟ್ನಿಯ ಕಡೆ ತಿರುಗುತ್ತಿದ್ದೆ. ವಿಜ್ಞಾನದ ಪ್ರಕಾರ ಅದು ಸುಳ್ಳೂ ಅಲ್ಲ.

ಆ ವರ್ಷದ ಆರಂಭದಲ್ಲಿ, ನಾವು ಹೊಸದಾಗಿ ವ್ಯವಹಾರ ಶುರುಮಾಡಿದ್ದ ಒಂದು ಬ್ರೂವರಿಯ ಬಿಯರ್ ಮೇಲೆ ದೂರುಗಳು ಬರತೊಡಗಿದವು. ಮುಚ್ಚಳ ತೆಗೆದ ಕೂಡಲೇ ಕೆಲವು ಬಾಟಲಿಗಳಿಂದ ನೊರೆ ಉಕ್ಕಿ ಟೇಬಲ್ಲೆಲ್ಲ ಹರಿಯುತ್ತಿತ್ತು, ರುಚಿ ಹುಳಿಯಾಗಿರುತ್ತಿತ್ತು. ಬೇಡದ ಕಾಡು ಯೀಸ್ಟ್ ಒಳಗೆ ಸೇರಿ, ಬಾಟಲಿಯಲ್ಲೇ ಮತ್ತೆ ಹುದುಗು ಎಬ್ಬಿಸಿದರೆ ಹೀಗಾಗುತ್ತದೆ. ಅದು ಸೋಸದ, ಕಾಯಿಸದ ಬಿಯರ್ ಆದ್ದರಿಂದ ಅದರಲ್ಲಿ ಏನು ಸೇರಿದರೂ ಬದುಕಿ ಬೆಳೆಯುತ್ತದೆ. ಮೊದಲ ಕಂಟೇನರ್‌ನಲ್ಲಿ ಹೀಗಾದಾಗ ಹಡಗಿನವರನ್ನು ಬೈದೆವು. ಎರಡನೆಯದರಲ್ಲೂ ಆಯಿತು. ಮೂರನೆಯದು ಬಂದಾಗ ನಮ್ಮ ಪರ್ಚೇಸ್ ಮ್ಯಾನೇಜರ್ ಪ್ರಶಾಂತ್ ನನ್ನ ಲ್ಯಾಬಿಗೆ ಬಂದು ನಿಂತ. ಮೈಸೂರಿನ ಕಡೆಯವನು, ಗೋದಾಮಿನ ಹತ್ತಿರವೇ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದ.

"ಶಾರದಾ ಆಂಟಿ, ಇದು ಲಾಸ್ಟ್ ಚಾನ್ಸ್. ನೆಕ್ಸ್ಟ್ ಕಂಟೇನರೂ ಹಿಂಗೇ ಆದ್ರೆ ಕಾಂಟ್ರ್ಯಾಕ್ಟ್ ಕ್ಯಾನ್ಸಲ್ ಮಾಡೋದೇ. ಪಾಪ, ಸಣ್ಣ ಬ್ರೂವರಿ. ನಮ್ಮನ್ನ ಬಿಟ್ರೆ ಅವ್ರಿಗೆ ಬೇರೆ ಎಕ್ಸ್‌ಪೋರ್ಟ್ ಇಲ್ಲ. ಬಾಗ್ಲು ಮುಚ್ಕೊಂಡ್ ಹೋಗ್ತಾರೆ."

ನಾನು ಇನ್ನೂರ ನಲವತ್ತು ಬಾಟಲಿಗಳನ್ನು ತೆಗೆಸಿ ನೋಡಿದೆ. ಹದಿನೇಳರ ಮುಚ್ಚಳ ಉಬ್ಬಿತ್ತು, ತೆರೆಯದೆಯೇ ಕೆಟ್ಟಿವೆ ಎಂದು ಗೊತ್ತಾಗುತ್ತಿತ್ತು. ಸಾಲಾಗಿ ನಿಲ್ಲಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಹದಿನೇಳರಲ್ಲೂ ಬಿಯರ್ ಮಟ್ಟ ಉಳಿದವುಗಳಿಗಿಂತ ಒಂದು ಬೆರಳಿನಷ್ಟು ಮೇಲಿತ್ತು. ಸಿಕ್ಕಿದ ಕಳ್ಳ ಎಂದುಕೊಂಡೆ. ಬಾಟಲಿ ತುಂಬುವ ಯಂತ್ರದ ಯಾವುದೋ ಒಂದು ವಾಲ್ವ್ ಸೋರುತ್ತಿದೆ, ಅದು ಹೆಚ್ಚು ತುಂಬುತ್ತಿದೆ, ಅಲ್ಲೇ ಕೊಳೆಯೂ ಕೂತಿದೆ. ಇಷ್ಟು ಖಚಿತವಾದ ಮೇಲೆ ವಿಮಾನ ಹತ್ತಿದೆ. ಹೊಸ ವಾಲ್ವ್‌ಗಳನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡೇ ಹೋಗಿದ್ದೆ, ಅಷ್ಟು ಜಂಬ.

ಉತ್ತರ ಜಪಾನಿನ ಬೆಟ್ಟಗಳ ನಡುವೆ ಎರಡೇ ಬೋಗಿಯ ರೈಲು ನಿಲ್ಲುವ ಊರು ಅದು. ಏಪ್ರಿಲ್ ಆದರೂ ರಸ್ತೆ ಬದಿಯಲ್ಲಿ ಹಿಮ ಕರಗಿರಲಿಲ್ಲ. ಬ್ರೂವರಿ ಇದ್ದದ್ದು ಹಳೆಯ ಸೋಯಾ ಸಾಸ್ ಕಾರ್ಖಾನೆಯ ಕಟ್ಟಡದಲ್ಲಿ. ಸಾಸ್ ವ್ಯವಹಾರ ನಿಂತ ಮೇಲೆ ಅದರ ಮಾಲೀಕರ ಮಗ ಕೆಂಜಿ ಅಲ್ಲೇ ಬಿಯರ್ ತಯಾರಿಸತೊಡಗಿದ್ದ. ಒಟ್ಟು ಆರು ಜನ ಕೆಲಸದವರು. ಕೆಂಜಿಯ ಮಗಳು ಯೂಕಿಗೆ ಇಂಗ್ಲಿಷ್ ಬರುತ್ತಿತ್ತು, ಆ ಎರಡು ವಾರ ನನ್ನ ಬಾಯಿ, ಕಿವಿ ಎರಡೂ ಅವಳೇ. ಎಲ್ಲರಿಗಿಂತ ಹಿರಿಯರು ಕಿಮಿಕೊ-ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ), ಎಪ್ಪತ್ತನಾಲ್ಕು ವರ್ಷ. ಹದಿನೆಂಟನೇ ವಯಸ್ಸಿಗೆ ಸಾಸ್ ಬಾಟಲಿ ತುಂಬಲು ಬಂದವರು ಈಗ ಬಿಯರ್ ತುಂಬುವ ಕೋಣೆಯಲ್ಲಿದ್ದರು. ನನ್ನನ್ನು ಕಂಡಾಗ ಸೊಂಟದಿಂದ ಬಗ್ಗಿ ನಮಸ್ಕರಿಸಿದರು. ನಾನು ಕೈಮುಗಿದೆ, ಅವರು ಮತ್ತೆ ಬಗ್ಗಿದರು, ನಾನು ಮತ್ತೆ ಮುಗಿದೆ. ಯೂಕಿ ನಡುವೆ ಬಂದು ಬಿಡಿಸಬೇಕಾಯಿತು.

ಎರಡು ದಿನ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕೂತೆ. ಎಂಟು ವಾಲ್ವ್‌ಗಳೂ ಲಕಲಕ ಹೊಳೆಯುತ್ತಿದ್ದವು. ಒಂದರಲ್ಲೂ ಸೋರಿಕೆ ಇಲ್ಲ, ಕೊಳೆ ಇಲ್ಲ. ನನ್ನ ಲ್ಯಾಬಿಗಿಂತ ಅವರ ನೆಲವೇ ಶುಚಿಯಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಸೂಟ್‌ಕೇಸಿನ ವಾಲ್ವ್‌ಗಳು ಸೂಟ್‌ಕೇಸಿನಲ್ಲೇ ಉಳಿದವು.

ಎರಡನೆಯ ದಿನ ಸಂಜೆ, ಮಾಡಲು ಬೇರೇನೂ ತೋಚದೆ, ಯೂಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ದಿನಚರಿ ಪುಸ್ತಕ ತಿರುವಿ ಹಾಕಿದೆ. ಪ್ರತಿದಿನ ಎಷ್ಟು ಬಾಟಲಿ ತುಂಬಿತು, ಎಷ್ಟು ಒಡೆಯಿತು, ಅಳತೆಗಿಂತ ಕಡಿಮೆ ತುಂಬಿದ್ದಕ್ಕೆ ತೆಗೆದುಹಾಕಿದ್ದು ಎಷ್ಟು ಎಂದು ಕಾಲಂಗಳಿದ್ದವು. ಕೊನೆಯ ಕಾಲಮ್ಮಿನಲ್ಲಿ ವರ್ಷವಿಡೀ ಸೊನ್ನೆ. ಬಿಯರ್ ನೊರೆ ಬರುವ ವಸ್ತು. ಎಷ್ಟೇ ಒಳ್ಳೆಯ ಯಂತ್ರವಾದರೂ ಕೆಲವು ಬಾಟಲಿಗಳು ಕಡಿಮೆ ತುಂಬಿಯೇ ತುಂಬುತ್ತವೆ. ಹಾಗಾದರೆ ಅವು ಎಲ್ಲಿ ಹೋದವು? ಕೆಂಜಿಯನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, "ಅದನ್ನು ಕಿಮಿಕೊ-ಸಾನ್ ನೋಡಿಕೊಳ್ಳುತ್ತಾರೆ" ಎಂದ. ಹೇಗೆ ನೋಡಿಕೊಳ್ಳುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ.

ಮರುದಿನ ಹನ್ನೆರಡು ಗಂಟೆಗೆ ಎಲ್ಲರೂ ಊಟಕ್ಕೆ ಎದ್ದರು. ಮರೆತ ಕನ್ನಡಕಕ್ಕೆ ನಾನು ವಾಪಸ್ ಬಂದು, ಬಾಗಿಲ ಪಕ್ಕದ ಟೇಬಲ್ಲಿನಿಂದ ಎತ್ತಿಕೊಂಡೆ. ಕಿಮಿಕೊ-ಸಾನ್ ಕಿಟಕಿಯ ಹತ್ತಿರ ಒಂದು ಸಣ್ಣ ಸ್ಟೂಲಿನ ಮೇಲೆ ಕೂತಿದ್ದರು. ಕಡಿಮೆ ತುಂಬಿದ ಬಾಟಲಿಗಳು ಮುಂದೆ ಕ್ರೇಟಿನಲ್ಲಿದ್ದವು, ಇನ್ನೂ ಮುಚ್ಚಳ ಒತ್ತಿರಲಿಲ್ಲ. ಕೈಯಲ್ಲಿ ಬಿಳಿ ಎನಾಮೆಲ್ ಜಗ್. ಬಾಟಲಿಯನ್ನು ಬೆಳಕಿಗೆ ಹಿಡಿಯುವುದು, ಜಗ್ಗಿನಿಂದ ಅಳತೆಯ ಗೆರೆಯವರೆಗೆ ಸುರಿಯುವುದು, ಒಂದು ಕ್ಷಣ ನಿಲ್ಲಿಸುವುದು, ಆಮೇಲೆ ಇನ್ನೂ ಒಂದು ಚೂರು ಸುರಿಯುವುದು. ನಂತರ ಕೈಯಂತ್ರದಿಂದ ಮುಚ್ಚಳ ಒತ್ತಿ ಒಳ್ಳೆಯ ಬಾಟಲಿಗಳ ಜೊತೆ ಸೇರಿಸುವುದು. ತಮ್ಮ ಊಟದ ಹೊತ್ತಿನಲ್ಲಿ, ಯಾರೂ ಹೇಳದೆ, ಅವರು ಈ ಕೆಲಸ ಮಾಡುತ್ತಿದ್ದರು.

ನನ್ನ ಹುಡುಕಾಟ ಅಲ್ಲಿಗೆ ಮುಗಿದಿತ್ತು. ಗಾಳಿಗೆ ತೆರೆದ ಜಗ್ಗು, ಎಷ್ಟೇ ತೊಳೆದರೂ ಕಾಡು ಯೀಸ್ಟಿಗೆ ಮನೆಯೇ. ಹೋಗಿ ತಡೆಯಬೇಕಿತ್ತು. ಆದರೆ ಬಾಗಿಲಲ್ಲೇ ನಿಂತೆ. ಆ ನಿಲ್ಲಿಸಿ ಮತ್ತೊಮ್ಮೆ ಸುರಿಯುವ ಕೈ ನನಗೆ ಗೊತ್ತಿದ್ದ ಕೈ.

ನಮ್ಮಮ್ಮ ಚನ್ನರಾಯಪಟ್ಟಣದಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ವರ್ತನೆ ಮನೆಗಳಿಗೆ ದಿನಾ ಹಾಲು ಹಾಕುತ್ತಿದ್ದಳು. ಪಾವಿನಲ್ಲಿ ಅಳೆದು ಪಾತ್ರೆಗೆ ಹುಯ್ಯುವಳು, ಒಂದು ಕ್ಷಣ ನಿಲ್ಲುವಳು, ಆಮೇಲೆ ತಂಬಿಗೆಯಿಂದ ಇನ್ನೊಂದು ಧಾರೆ ಬಿಡುವಳು. ಅದು ಕೊಸರು. ನೊರೆಯಿಂದ ಅಳತೆ ಕಡಿಮೆ ಕಂಡರೆ ಕೊಸರು ಇನ್ನೂ ಜಾಸ್ತಿ. ಎಷ್ಟೋ ದಿನ ಸಂಜೆ ನಮ್ಮ ಕಾಫಿಗೇ ಹಾಲು ಉಳಿಯುತ್ತಿರಲಿಲ್ಲ. ನಾನು ಜಗಳಕ್ಕೆ ನಿಂತಿದ್ದೆ. "ಅಳ್ದಿದ್ದು ಅವ್ರದ್ದು ಕಣೆ, ಕೊಸರು ನಮ್ದು" ಎಂದು ಅಮ್ಮ ನಕ್ಕಿದ್ದಳು. ನನಗೆ ಆಗ ಅದು ಶುದ್ಧ ದಡ್ಡತನ ಅನಿಸಿತ್ತು. ನಾನು ಎಂ.ಎಸ್ಸಿ. ಓದುವಾಗ ಅಮ್ಮ ಹೋದಳು. ಮೂವತ್ತೈದು ವರ್ಷದಲ್ಲಿ ಅವಳ ಮುಖ ಎಷ್ಟೋ ಸಲ ನೆನಪಾಗಿತ್ತು, ಕೈ ನೆನಪಾಗಿರಲಿಲ್ಲ. ಜಪಾನಿನ ಆ ಕೋಣೆಯ ಬಾಗಿಲಲ್ಲಿ ನಿಂತು ನನಗೆ ಅಮ್ಮ ಬೇಕು ಅನಿಸಿಬಿಟ್ಟಿತು. ಅರವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಕನ್ನಡಕ ಹಿಡಿದು, ಅತ್ತುಬಿಟ್ಟೆ.

ಯೂಕಿಯನ್ನು ಕರೆಸಿ ಕಿಮಿಕೊ-ಸಾನ್ ಎದುರು ಕೂತು, ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದೆ. "ಅಷ್ಟು ದೂರ ಹೋಗುವ ಬಾಟಲಿ. ಅಲ್ಲಿ ಹೋಗಿ ಕಡಿಮೆ ಇದ್ದರೆ ನಮ್ಮೂರಿನವರ ಬಗ್ಗೆ ಏನೆಂದುಕೊಳ್ಳುತ್ತಾರೆ? ಸಾಸ್ ತುಂಬುವಾಗಲೂ ಹೀಗೇ ಮಾಡುತ್ತಿದ್ದೆ" ಎಂದರು. ಸಾಸ್‌ನಲ್ಲಿ ಏನೂ ಕೆಡುತ್ತಿರಲಿಲ್ಲ. ಅಷ್ಟು ಉಪ್ಪಿನಲ್ಲಿ ಆ ಯೀಸ್ಟ್ ಬದುಕುವುದಿಲ್ಲ. ಊರಿನಲ್ಲಿ ಬಿಯರ್ ಕೂಡ ತಣ್ಣಗೆ ಇಟ್ಟು ವಾರ ಎರಡು ವಾರದಲ್ಲಿ ಖಾಲಿಯಾಗುತ್ತಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯಲ್ಲಿ ಕಾಯಬೇಕಾದ ನಮ್ಮ ಬಾಟಲಿಗಳಲ್ಲಿ ಮಾತ್ರ ಯೀಸ್ಟಿಗೆ ಬೆಳೆಯಲು ಪುರುಸೊತ್ತು ಸಿಗುತ್ತಿತ್ತು.

ಅನುಮಾನವನ್ನೇ ವರದಿಯಲ್ಲಿ ಬರೆಯುವಂತಿಲ್ಲ. ಜಗ್ಗಿನ ಒಳಭಾಗ ಒರೆಸಿ, ಅಂಟಿದ್ದನ್ನು ಲ್ಯಾಬ್ ಪ್ಲೇಟ್‌ಗಳಲ್ಲಿ ಬೆಳೆಸಿದಾಗ ಕಾಡು ಯೀಸ್ಟೇ ಎದ್ದಿತು. ಜಗ್ಗಿನಿಂದ ತುಂಬಿದ ಒಂದು ಕ್ರೇಟ್, ಯಂತ್ರದ್ದೇ ಒಂದು ಕ್ರೇಟ್, ಎರಡನ್ನೂ ಹತ್ತು ದಿನ ಬೆಚ್ಚಗಿನ ಕಪಾಟಿನಲ್ಲಿಟ್ಟೆ. ಹನ್ನೊಂದನೆಯ ದಿನ ಎಲ್ಲರ ಎದುರು ಮುಚ್ಚಳ ತೆಗೆದೆವು. ಯಂತ್ರದ ಬಾಟಲಿಗಳು ಸುಮ್ಮನಿದ್ದವು. ಜಗ್ಗಿನವುಗಳಲ್ಲಿ ಮೂರು ಉಕ್ಕಿ ಹರಿದವು.

ಕೆಂಜಿ ನನ್ನ ಮುಂದೆ ಬಗ್ಗಿ ಬಹಳ ಹೊತ್ತು ಮೇಲೇಳಲಿಲ್ಲ. ಕಿಮಿಕೊ-ಸಾನ್ ಬಟ್ಟೆ ತಂದು ಟೇಬಲ್ ಒರೆಸಿದರು. ಆಮೇಲೆ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕೆಂಜಿಯ ಎದುರಿಗಿಟ್ಟು ಏನೋ ಹೇಳಿದರು. ಯೂಕಿ ಅನುವಾದ ಮಾಡಲಿಲ್ಲ. ನಾನು ಒತ್ತಾಯ ಮಾಡಿದಾಗ, "ನಾಳೆಯಿಂದ ಬರುವುದಿಲ್ಲವಂತೆ" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ವೃತ್ತಿಯಲ್ಲಿ ಇಂಥ ಪ್ರಕರಣದ ಕೊನೆಗೆ "ಮೂಲ ಕಾರಣ" ಎಂದೊಂದು ಸಾಲು ತುಂಬಬೇಕು. "ಕೆಲಸಗಾರರ ತಪ್ಪು" ಎಂದು ಬರೆದರೆ ಕಂಪನಿ ಒಪ್ಪುತ್ತದೆ, ಕಾಂಟ್ರ್ಯಾಕ್ಟ್ ಉಳಿಯುತ್ತದೆ, ಐದು ಜನರ ಕೆಲಸವೂ ಉಳಿಯುತ್ತದೆ. ಆರನೆಯವರದು ಹೋಗುತ್ತದೆ. ಐವತ್ತಾರು ವರ್ಷ ಕೊಸರು ಕೊಟ್ಟ ಕೈಗೆ ನಾನೇ ಕಳ್ಳನ ಪಟ್ಟ ಕಟ್ಟಿದಂತಾಗುತ್ತದೆ.

ಬೆಳಿಗ್ಗೆ ಯೂಕಿಯ ಜೊತೆ ಕಿಮಿಕೊ-ಸಾನ್ ಮನೆಗೇ ಹೋದೆ. "ಬಾಟಲಿ ಎಷ್ಟು ತುಂಬಬೇಕೆಂದು ಯಂತ್ರಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು. ಬಂದು ತೋರಿಸಬೇಕು" ಎಂದೆ. ಅವರು ಎದ್ದು ಬೂಟು ಹಾಕಿಕೊಂಡರು.

ಬಾಟಲಿಯೊಳಗೆ ಇಳಿಯುವ ಸಣ್ಣ ಕೊಳವೆ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರ ಮೇಲೆ ಬಿಯರ್ ಮಟ್ಟ ನಿಲ್ಲುತ್ತದೆ. ಒಂದು ತೆಳು ವಾಶರ್ ಸೇರಿಸಿದರೆ ಕೊಳವೆ ಮೇಲೇರುತ್ತದೆ, ಮಟ್ಟವೂ ಏರುತ್ತದೆ. ಕಿಮಿಕೊ-ಸಾನ್ ಬಾಟಲಿಯ ಕತ್ತಿನ ಮೇಲೆ ಹೆಬ್ಬೆರಳಿನ ಉಗುರಿನಿಂದ ಜಾಗ ತೋರಿಸಿದರು. ನಾವು ವಾಶರ್ ಹಾಕಿದೆವು. ಇನ್ನೂ ಸ್ವಲ್ಪ ಎಂದರು. ಇನ್ನೊಂದು ಹಾಕಿದೆವು. ಮುಚ್ಚಿದ ಯಂತ್ರದೊಳಗೇ, ಗಾಳಿ ತಾಗದೆ, ಪ್ರತಿ ಬಾಟಲಿಗೂ ಅಳತೆಯ ಮೇಲೆ ಒಂದು ಬೆರಳು ಬಿತ್ತು. ಇನ್ನೂ ಕಡಿಮೆ ತುಂಬಿದವನ್ನು ಬ್ರೂವರಿಯವರೇ ಕುಡಿಯುವುದೆಂದಾಯಿತು. ಏಪ್ರನ್ ಮತ್ತೆ ಸೊಂಟಕ್ಕೆ ಬಂತು. ವರದಿಯಲ್ಲಿ ನಾನು ಬರೆದದ್ದು: "ಮೂಲ ಕಾರಣ: ತುಂಬುವ ಮಟ್ಟ ಕಡಿಮೆ ಇತ್ತು. ಸರಿಪಡಿಸಲಾಗಿದೆ. ಕೈಯಿಂದ ತುಂಬುವ ಅಗತ್ಯ ಇನ್ನಿಲ್ಲ." ಒಂದು ಅಕ್ಷರವೂ ಸುಳ್ಳಲ್ಲ.

ಮುಂದಿನ ಕಂಟೇನರ್ ಬಂದ ದಿನ ಪ್ರಶಾಂತ್ ಓಡಿಕೊಂಡು ಬಂದ. "ಆಂಟಿ, ಇನ್ನೂರ ನಲವತ್ತರಲ್ಲಿ ಒಂದೂ ಉಕ್ಕಿಲ್ಲ! ಆದ್ರೆ ಎಲ್ಲಾದ್ರಲ್ಲೂ ಎಕ್ಸ್‌ಟ್ರಾ ಇದ್ಯಲ್ಲ, ಯಾಕೆ?"

"ಅದು ಹಂಗೇ. ಬಿಡಪ್ಪ" ಎಂದೆ.

ಗೆದ್ದೆ ಎಂದೇ ಆಗ ನಂಬಿದ್ದೆ. ಆ ಡಿಸೆಂಬರಿನಲ್ಲಿ ಯೂಕಿಯ ಈಮೇಲ್ ಬಂತು. ಕಿಮಿಕೊ-ಸಾನ್ ಕೆಲಸ ಬಿಟ್ಟಿದ್ದರು. ಯಾರ ಮೇಲೂ ಬೇಸರವಿಲ್ಲವಂತೆ. "ಈಗ ಎಲ್ಲ ಬಾಟಲಿಯಲ್ಲೂ ಒಂದೇ ಸಮ ಇರುತ್ತದೆ. ಹಾಗಾದ ಮೇಲೆ ಅದೇ ಅಳತೆ. ನನ್ನ ಕೈಗೆ ಕೊಡಲು ಏನೂ ಉಳಿದಿಲ್ಲ" ಎಂದರಂತೆ. ಓದಿ ಲ್ಯಾಪ್‌ಟಾಪ್ ಮುಚ್ಚಿ ಕೂತೆ. ಅವರು ಹೇಳಿದ್ದು ಸರಿ. ನಾನು ಕಾಂಟ್ರ್ಯಾಕ್ಟ್ ಉಳಿಸಿದ್ದೆ, ಬ್ರೂವರಿ ಉಳಿಸಿದ್ದೆ. ಕೊಸರನ್ನು ಉಳಿಸಲು ಆಗಲಿಲ್ಲ.

ಈಗ ನಾನೂ ನಿವೃತ್ತಳು. ಕಿರಿಯರು ಕೇಳಿದರೆ ಒಂದು ಮಾತು ಹೇಳುತ್ತೇನೆ: ದೋಷ ಹುಡುಕುವಾಗ ಪುಸ್ತಕದಲ್ಲಿ ಬರೆದದ್ದನ್ನು ನೋಡಿದರೆ ಸಾಲದು, ಊಟದ ಹೊತ್ತಿನಲ್ಲಿ ಯಾರು ಏನು ಮಾಡುತ್ತಾರೆಂದು ನೋಡಿ. ಸಿಕ್ಕ ಮೇಲೆ, ತಡೆಯುವ ಮುಂಚೆ, ಒಂದು ನಿಮಿಷ ಬಾಗಿಲಲ್ಲಿ ನಿಂತುಕೊಳ್ಳಿ. ಆಮೇಲೆ ಅದು ನೋಡಲು ಸಿಗುವುದಿಲ್ಲ.

ಕೆಟ್ಟ ಸ್ಯಾಂಪಲ್ ಯಾವತ್ತೂ ಇಟ್ಟುಕೊಳ್ಳಬಾರದು, ಕೂಡಲೇ ಎಸೆಯಬೇಕು ಎಂದು ಇಪ್ಪತ್ತೆಂಟು ವರ್ಷ ಎಲ್ಲರಿಗೂ ಪಾಠ ಹೇಳಿದವಳು ನಾನು. ನಮ್ಮ ಮನೆಯ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ, ಮೊಸರಿನ ಡಬ್ಬದ ಹಿಂದೆ, ಆ ಮೂರನೆಯ ಕಂಟೇನರಿನ ಒಂದು ಬಾಟಲಿ ಇದೆ. ಮುಚ್ಚಳ ತೆಗೆದರೆ ಅಡುಗೆಮನೆ ತುಂಬ ನೊರೆ ಹರಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. "ಅದನ್ನ ಎಸಿಯೇ ಮಾರಾಯ್ತಿ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ" ಎಂದು ನಮ್ಮ ಮನೆಯವರು ವಾರಕ್ಕೊಮ್ಮೆ ಹೇಳುತ್ತಾರೆ. ಹೂಂ ಅನ್ನುತ್ತೇನೆ. ಅವರು ಆಚೆ ಹೋದ ಮೇಲೆ ಬಾಟಲಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಬಿಯರ್ ಇನ್ನೂ ಅಲ್ಲೇ ನಿಂತಿದೆ, ಗೆರೆಯಿಂದ ಒಂದು ಬೆರಳು ಮೇಲೆ. ಮತ್ತೆ ಜೋಪಾನವಾಗಿ ಒಳಗಿಡುತ್ತೇನೆ.